ಪ್ರದೇಶವಾರು ಸಂಶೋಧನೆ ಹೋಲಿಕೆ: ಪೇಪರ್ ಸಂಖ್ಯೆಯಲ್ಲಿ ಏಷ್ಯಾ ಮುಂದು, ಸೈಟೇಶನ್ ಸರಾಸರಿಯಲ್ಲಿ ಹಿಂದು. ಈ ಟೇಬಲ್ ಹೇಗೆ ಓದೋದು?

ಹೇಮಾವತಿ_ದಂಡೆ (ಹಾಸನ)
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮುಂದಿನ ತಿಂಗಳು ಒಂದು ವಿಚಾರ ಸಂಕಿರಣ ಇದೆ. ಜಗತ್ತಿನ ಯಾವ ಭಾಗ ಎಷ್ಟು ಸಂಶೋಧನಾ ಪೇಪರ್ ಬರೀತಿದೆ, ಅವಕ್ಕೆ ಎಷ್ಟು ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಬೀಳ್ತಿದೆ ಅಂತ ಒಂದು ಹೋಲಿಕೆ ಕೊಡಬೇಕು. ಮೊದಲ ಭಾಗ ಎಲ್ಲ ವಿಷಯ ಸೇರಿ. ಎರಡನೇ ಭಾಗ ನಮ್ಮ ಕಡೆಯ ಬೆಳೆಗಳು ಮಾತ್ರ: ಕಾಫಿ, ಕಾಳುಮೆಣಸು, ಏಲಕ್ಕಿ.

ಸೈಮಾಗೋ ತಾಣದಲ್ಲಿ 1996ರಿಂದ ಈಚಿನ ಲೆಕ್ಕ ಪುಕ್ಕಟೆ ಸಿಗುತ್ತೆ, ಅದನ್ನ ಇಳಿಸಿಕೊಂಡಿದೀನಿ. ಪೇಪರ್ ಸಂಖ್ಯೆಯಲ್ಲಿ ಏಷ್ಯಾ ಎಲ್ಲರಿಗಿಂತ ಮೇಲೆ. 'ಪ್ರತಿ ಪೇಪರಿಗೆ ಸೈಟೇಶನ್' ಕಾಲಂ ನೋಡಿದ್ರೆ ಉತ್ತರ ಅಮೆರಿಕ, ಪಶ್ಚಿಮ ಯುರೋಪ್ ಎಲ್ಲೋ ಮೇಲಿವೆ, ಏಷ್ಯಾ ಕೆಳಗೆ. 'ಏಷ್ಯಾದಲ್ಲಿ ರಾಶಿ ಜಾಸ್ತಿ, ಗುಣ ಕಮ್ಮಿ' ಅಂತ ಬರೆದುಬಿಡಬಹುದಾ? ಕಾಫಿ ಭಾಗಕ್ಕೆ ಏನಂತ ಹುಡುಕಬೇಕು? ದುಡ್ಡು ಕೊಟ್ಟು ತಗೊಳ್ಳೋ ಡೇಟಾಬೇಸ್ ನಮ್ಮ ಕೈಗೆಟುಕಲ್ಲ.

ಅರಸೀಕೆರೆ_ಜಂಕ್ಷನ್
ಆ ಸರಾಸರಿ ಕಾಲಂ ಮೊದಲು ಅಳಿಸಿ. ಆಮೇಲೆ ಮಾತಾಡೋಣ.

ಹೇಮಾವತಿ_ದಂಡೆ
ಯಾಕ್ ಸರ್? ಅವರೇ ಕೊಟ್ಟಿರೋ ಕಾಲಂ ಅಲ್ವಾ ಅದು?

ಅರಸೀಕೆರೆ_ಜಂಕ್ಷನ್
ಕೊಟ್ಟಿದಾರೆ. ಆದರೆ ಅದು 1996ರಿಂದ ಇಲ್ಲಿತನಕ ಬಂದ ಎಲ್ಲಾ ಪೇಪರನ್ನ ಒಟ್ಟಿಗೆ ಹಾಕಿ ಭಾಗಿಸಿದ್ದು. ಹಳೇ ಪೇಪರಿಗೆ ಸೈಟೇಶನ್ ಕೂಡಿಹಾಕೋಕೆ ಹೆಚ್ಚು ವರ್ಷ ಸಿಕ್ಕಿರುತ್ತೆ.

ಒಂದು ಲೆಕ್ಕ ನೋಡಿ. ಎರಡು ಪ್ರದೇಶ, ತಲಾ 200 ಪೇಪರ್. ಗುಣ ಎರಡರದ್ದೂ ಒಂದೇ: ಪ್ರತಿ ಪೇಪರಿಗೂ ವರ್ಷಕ್ಕೆ 2 ಸೈಟೇಶನ್ ಅಂತಿಟ್ಕೊಳ್ಳಿ. ಮೊದಲನೇ ಪ್ರದೇಶ 2015ರಲ್ಲಿ 100, 2024ರಲ್ಲಿ 100 ಬರೆದಿದೆ. ಎರಡನೇದು 2015ರಲ್ಲಿ 20, 2024ರಲ್ಲಿ 180. 2025ರ ಕೊನೆಗೆ 2015ರ ಪೇಪರಿನ ಲೆಕ್ಕದಲ್ಲಿ 20, 2024ರದ್ದರಲ್ಲಿ 2 ಸೈಟೇಶನ್ ಇರುತ್ತೆ. ಸರಾಸರಿ ತೆಗೆದರೆ ಮೊದಲನೇದಕ್ಕೆ 11, ಎರಡನೇದಕ್ಕೆ 3.8. ಗುಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ಆದರೂ ಮೂರು ಪಟ್ಟು ಅಂತರ. ಚೀನಾ, ಭಾರತ ಎರಡರ ಪೇಪರೂ ಬಹುಪಾಲು ಈಚಿನವು. ನಿಮ್ಮ 'ಗುಣ ಕಮ್ಮಿ'ಯಲ್ಲಿ ದೊಡ್ಡ ಪಾಲು ಇದೇ.

ಪರಿಹಾರ ಸುಲಭ. ವರ್ಷವಾರು ಬೇರೆ ಮಾಡಿ, ಕಿಟಕಿ, ಅಂದ್ರೆ ಸೈಟೇಶನ್ ಎಣಿಸೋ ಅವಧಿ, ಒಂದೇ ಅಳತೆಯದ್ದಿಡಿ. 2018ರ ಪೇಪರಿಗೆ 2021ರ ಕೊನೆತನಕ ಬಂದ ಸೈಟೇಶನ್, 2019ರದ್ದಕ್ಕೆ 2022ರ ತನಕ, ಹೀಗೆ. ಕಳೆದ ಎರಡು ವರ್ಷದ ಪೇಪರನ್ನ ಹೋಲಿಕೆಗೇ ತರಬೇಡಿ.

ಬಾಬಾಬುಡನ್_ಗಿರಿ (ಚಿಕ್ಕಮಗಳೂರು)
ಅರಸೀಕೆರೆಯವರೇ, ಎಲ್ಲಾನೂ ಲೆಕ್ಕದ ಆಟ ಅಂತ ತಳ್ಳಿಹಾಕೋದು ಸರಿಯಲ್ಲ. ವರ್ಷ, ವಿಷಯ ಎರಡನ್ನೂ ಸರಿದೂಗಿಸಿದ ಮೇಲೂ ಸ್ವಿಟ್ಜರ್ಲೆಂಡ್, ನೆದರ್‌ಲೆಂಡ್ಸ್, ಡೆನ್ಮಾರ್ಕ್ ಮೇಲೇ ಇರ್ತವೆ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಹೋಲಿಕೆಯಲ್ಲಿ 31 ದೇಶಗಳೇ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ಶೇ. 1 ಪೇಪರುಗಳಲ್ಲಿ ಶೇ. 98ರಷ್ಟನ್ನ ಹಿಡಿದಿದ್ದವು. ಇಡೀ ಆಫ್ರಿಕಾದಿಂದ ಆ ಪಟ್ಟಿಗೆ ಬಂದಿದ್ದು ದಕ್ಷಿಣ ಆಫ್ರಿಕಾ ಒಂದೇ. ಅದು ಬರೀ ಕಿಟಕಿಯ ದೋಷ ಅಲ್ಲ.

ಅರಸೀಕೆರೆ_ಜಂಕ್ಷನ್
ಅಂತರ ಇಲ್ಲ ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಎಷ್ಟಿದೆ ಅನ್ನೋದನ್ನ ಆ ಕಾಲಂ ಹೇಳಲ್ಲ ಅಂದೆ, ಅಷ್ಟೇ. ಇನ್ನೊಂದು, 2004ರ ಚಿತ್ರವನ್ನ ಇವತ್ತಿಗೂ ಹಿಡ್ಕೊಂಡು ಕೂರಬೇಡಿ. ಅಮೆರಿಕದ ಎನ್‌ಎಸ್‌ಎಫ್ (ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ವರದಿಯ ಪ್ರಕಾರ 2016ರಲ್ಲೇ ಪೇಪರ್ ಸಂಖ್ಯೆಯಲ್ಲಿ ಚೀನಾ (ಸುಮಾರು 4.26 ಲಕ್ಷ) ಅಮೆರಿಕವನ್ನ (4.09 ಲಕ್ಷ) ದಾಟಿತ್ತು. ಸೈಟೇಶನ್‌ನಲ್ಲೂ ಅಷ್ಟೇ. ಜಪಾನಿನ ವಿಜ್ಞಾನ ನೀತಿ ಸಂಸ್ಥೆ ನಿಸ್ಟೆಪ್ 2022ರಲ್ಲಿ ಕೊಟ್ಟ ಲೆಕ್ಕದಲ್ಲಿ 2018ರಿಂದ 2020ರ ಪೇಪರುಗಳ ಮೇಲಿನ ಶೇ. 1ರಲ್ಲಿ ಚೀನಾ ಪಾಲು ಶೇ. 27.2, ಅಮೆರಿಕದ್ದು 24.9. ಅದೂ ಪಾಲು ಎಣಿಕೆಯಲ್ಲಿ.

ಹೇಮಾವತಿ_ದಂಡೆ
ಪಾಲು ಎಣಿಕೆ ಅಂದ್ರೆ?

ಕೋಡ್_ಕಣಿವೆ
ಇಲ್ಲೇ ಜಾಸ್ತಿ ಜನ ಎಡವೋದು, ಸ್ವಲ್ಪ ಬಿಡಿಸಿ ಬರೀತೀನಿ.

ಒಂದು ಕಾಫಿ ಪೇಪರ್. ನಾಲ್ಕು ಜನ ಲೇಖಕರು: ಇಬ್ಬರು ಬಾಳೆಹೊನ್ನೂರು, ಒಬ್ಬರು ಫ್ರಾನ್ಸಿನ ಮಾಂಪೆಲಿಯೆ, ಒಬ್ಬರು ಬ್ರೆಜಿಲಿನ ಕಂಪಿನಾಸ್. ಪೂರ್ಣ ಎಣಿಕೆಯಲ್ಲಿ ಏಷ್ಯಾಕ್ಕೆ 1, ಪಶ್ಚಿಮ ಯುರೋಪಿಗೆ 1, ಲ್ಯಾಟಿನ್ ಅಮೆರಿಕಕ್ಕೆ 1. ಇರೋದು ಒಂದು ಪೇಪರ್, ಟೇಬಲ್‌ನಲ್ಲಿ ಮೂರಾಯ್ತು. ಪಾಲು ಎಣಿಕೆಯಲ್ಲಿ ಏಷ್ಯಾಕ್ಕೆ 0.5, ಉಳಿದ ಎರಡಕ್ಕೆ ತಲಾ 0.25. ಒಬ್ಬ ಲೇಖಕರಿಗೆ ಎರಡು ಸಂಸ್ಥೆಯ ವಿಳಾಸ ಇದ್ದರೆ ಅವರ ಕಾಲು ಪಾಲನ್ನ ಮತ್ತೆ ಅರ್ಧ ಮಾಡಿ 0.125 ಪ್ರಕಾರ ಹಂಚಬೇಕು. ಸೈಟೇಶನ್ನನ್ನೂ ಅದೇ ಪಾಲಿನಿಂದ ಗುಣಿಸಬೇಕು.

ಪೂರ್ಣ ಎಣಿಕೆಯ ವಿಪರೀತ ನೋಡಬೇಕು ಅಂದ್ರೆ 2015ರ ಹಿಗ್ಸ್ ಬೋಸಾನ್ ಪೇಪರ್ ನೋಡಿ. ಸರ್ನ್ ಭೌತಶಾಸ್ತ್ರ ಪ್ರಯೋಗಾಲಯದ ಅಟ್ಲಾಸ್, ಸಿಎಮ್ಎಸ್ ಎರಡೂ ತಂಡ ಸೇರಿ 5,154 ಲೇಖಕರು. ಅದರಲ್ಲಿ ಮೂರ್ನಾಲ್ಕು ಜನ ಇರೋ ಒಂದು ಸಣ್ಣ ದೇಶಕ್ಕೂ ಪೂರ್ತಿ ಪೇಪರ್, ಪೂರ್ತಿ ಸೈಟೇಶನ್ ಜಮಾ. ವರ್ಷಕ್ಕೆ ಕೆಲವೇ ನೂರು ಪೇಪರ್ ಬರೆಯೋ ದೇಶದ ಸರಾಸರಿ ಇಂಥ ನಾಲ್ಕೈದರಿಂದ ಆಕಾಶಕ್ಕೇರುತ್ತೆ. ಸೈಮಾಗೋದಲ್ಲಿ 'ಪ್ರತಿ ಪೇಪರಿಗೆ ಸೈಟೇಶನ್' ಮೇಲೆ ವಿಂಗಡಿಸಿ, ಮೇಲ್ಗಡೆ ಬರೋದೆಲ್ಲ ಪುಟ್ಟ ಪುಟ್ಟ ದ್ವೀಪಗಳು. ಕನಿಷ್ಠ ಇಷ್ಟು ಪೇಪರ್ ಅಂತ ಮಿತಿ ಹಾಕೋಕೆ ಅಲ್ಲೊಂದು ಚೌಕ ಇದೆ, ಅದನ್ನ ಬಳಸಿ.

ತಾಳೆ ನೋಡೋ ವಿಧಾನ: ಎಲ್ಲ ಪ್ರದೇಶದ ಪಾಲು ಕೂಡಿಸಿ. ಪಾಲು ಎಣಿಕೆ ಆಗಿದ್ರೆ ಸರಿಯಾಗಿ ಶೇ. 100 ಬರಬೇಕು. ಪೂರ್ಣ ಎಣಿಕೆಯಲ್ಲಿ 100 ದಾಟುತ್ತೆ, ಎಷ್ಟು ದಾಟಿತೋ ಅಷ್ಟು ಸಹಯೋಗ ಇದೆ ಅಂತ.

ಬೇಲೂರು_ಚೆನ್ನ
ಅಂದ್ರೆ ಪಾಲು ಎಣಿಕೆ (ಫ್ರಾಕ್ಷನಲ್) ಒಂದೇ ಸರಿ, ಉಳಿದಿದ್ದು ತಪ್ಪು?

ಕೋಡ್_ಕಣಿವೆ
ಹಾಗಲ್ಲ. 'ಎಷ್ಟು ಪೇಪರಿನಲ್ಲಿ ಆಫ್ರಿಕಾದವರು ಕೈಜೋಡಿಸಿದ್ದಾರೆ' ಅನ್ನೋ ಪ್ರಶ್ನೆಗೆ ಪೂರ್ಣ ಎಣಿಕೆ ಸರಿ. 'ಜಗತ್ತಿನ ಕೆಲಸದಲ್ಲಿ ಆಫ್ರಿಕಾ ಪಾಲೆಷ್ಟು' ಅನ್ನೋದಕ್ಕೆ ಪಾಲು ಎಣಿಕೆ. ಎರಡನ್ನೂ ಪಕ್ಕಪಕ್ಕ ಕೊಡಿ. ಯಾವುದು ಯಾವುದು ಅಂತ ಕಾಲಂ ತಲೆಮೇಲೆ ಬರೆಯದೇ ಇದ್ರೆ ಮಾತ್ರ ತಪ್ಪು.

ಲೈಬ್ರರಿ_ಮೇಡಂ (ಚಿಕ್ಕಮಗಳೂರು)
ಎಣಿಸೋದು ಆಮೇಲಾಯ್ತು, ಯಾವುದರಲ್ಲಿ ಎಣಿಸ್ತೀರಿ ಅನ್ನೋದು ಮೊದಲು ಗೊತ್ತಾಗಬೇಕು. ಇದರ ಬಗ್ಗೆ ಯಾರೂ ಮಾತಾಡಲಿಲ್ಲ.

ವೆಬ್ ಆಫ್ ಸೈನ್ಸ್ ಅಂದ್ರೆ ಯೂಜೀನ್ ಗಾರ್ಫೀಲ್ಡ್ ಫಿಲಡೆಲ್ಫಿಯಾದಲ್ಲಿ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸಿನ ಇವತ್ತಿನ ರೂಪ. ಆಯ್ದ ಜರ್ನಲ್ ಮಾತ್ರ ಸೇರಿಸೋ ಪದ್ಧತಿ ಆಗಿನಿಂದಲೂ ಇದೆ. ಎಲ್ಸೆವಿಯರ್‌ನವರ ಸ್ಕೋಪಸ್ 2004ರಲ್ಲಿ ಬಂತು, ಜರ್ನಲ್ ಸಂಖ್ಯೆ ಅದರಲ್ಲಿ ಜಾಸ್ತಿ. ಸೈಮಾಗೋ ಬಳಸೋದು ಸ್ಕೋಪಸ್ ಡೇಟಾವನ್ನೇ, ಹಾಗಾಗಿ ಸ್ಕೋಪಸ್‌ನಲ್ಲಿ ಇಲ್ಲದ್ದು ಅಲ್ಲೂ ಇರಲ್ಲ. ಎರಡರಲ್ಲೂ ಇಂಗ್ಲಿಷ್ ಜರ್ನಲ್ಲುಗಳದ್ದೇ ಮೇಲುಗೈ.

ಇದರ ಪೆಟ್ಟು ಎಲ್ಲ ಪ್ರದೇಶಕ್ಕೂ ಒಂದೇ ಥರ ಬೀಳಲ್ಲ. ಲ್ಯಾಟಿನ್ ಅಮೆರಿಕದ ಕೃಷಿ, ಸಾರ್ವಜನಿಕ ಆರೋಗ್ಯದ ಪೇಪರುಗಳು ಸ್ಪ್ಯಾನಿಷ್, ಪೋರ್ಚುಗೀಸಿನಲ್ಲಿ ಧಾರಾಳವಾಗಿವೆ. ಅವಕ್ಕಾಗಿಯೇ ಬ್ರೆಜಿಲಿನಲ್ಲಿ 1997ರ ಸುಮಾರಿಗೆ ಸೈಯೆಲೋ ಅನ್ನೋ ಜರ್ನಲ್ ತಾಣ ಶುರುವಾಯ್ತು. ಓದೋಕೂ ದುಡ್ಡು ಕೊಡಬೇಕಿಲ್ಲ, ಬಹಳ ಕಡೆ ಪ್ರಕಟಿಸೋಕೂ ಕೊಡಬೇಕಿಲ್ಲ. ಆಫ್ರಿಕಾಕ್ಕೆ 1998ರಿಂದ ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ಇದೆ. ಅಲ್ಲಿರೋ ಬಹಳಷ್ಟು ಜರ್ನಲ್ಲು ದೊಡ್ಡ ಇಂಡೆಕ್ಸಿಗೆ ಸೇರೇ ಇಲ್ಲ. ಇಂಡೆಕ್ಸಲ್ಲಿ ಇಲ್ಲದ ಪೇಪರ್ ಎಣಿಕೆಗೆ ಸಿಗಲ್ಲ, ಅದು ಮಾಡಿದ ಸೈಟೇಶನ್ನೂ ಸಿಗಲ್ಲ. ಪೆಟ್ಟು ಎರಡು ಸಲ.

ಇನ್ನೊಂದು ಸೂಕ್ಷ್ಮ. ಇಂಗ್ಲಿಷೇತರ ಜರ್ನಲ್ ಸೇರಿಸಿದ ತಕ್ಷಣ ಪೇಪರ್ ಸಂಖ್ಯೆ ಏರುತ್ತೆ, ಸರಾಸರಿ ಇಳಿಯುತ್ತೆ, ಯಾಕಂದ್ರೆ ಅವನ್ನ ಓದಿ ಉಲ್ಲೇಖಿಸೋರು ಕಮ್ಮಿ. ಫ್ರಾನ್ಸ್, ಜರ್ಮನಿಗೂ ಇದೇ ಆಗುತ್ತೆ. ಅದಕ್ಕೇ ವಿಶ್ವವಿದ್ಯಾಲಯಗಳನ್ನ ಹೋಲಿಸೋ ಲೈಡನ್ ರ‍್ಯಾಂಕಿಂಗ್‌ನವರು ಇಂಗ್ಲಿಷ್ ಪೇಪರ್ ಮಾತ್ರ ಲೆಕ್ಕಕ್ಕೆ ತಗೊಳ್ಳೋದು.

ದುಡ್ಡಿಲ್ಲದವರಿಗೆ ಇವತ್ತು ಪುಕ್ಕಟೆ ಡೇಟಾಬೇಸ್ ಓಪನ್‌ಅಲೆಕ್ಸ್ ಇದೆ. ಅಂಥದ್ದೇ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಮುಚ್ಚಿತು, ಅದರ ಜಾಗಕ್ಕೆ 2022ರ ಜನವರಿಯಲ್ಲಿ ಇದು ಬಂತು. ಆಯ್ಕೆ ಸಡಿಲ, ವ್ಯಾಪ್ತಿ ದೊಡ್ಡದು, ಕಸವೂ ಇದೆ.

ಕಡೂರು_ಕೊಬ್ಬರಿ
ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ ಬಂತಲ್ಲ ಮೇಡಂ, ಅದರಲ್ಲಿ ಸಿಗಲ್ವಾ?

ಲೈಬ್ರರಿ_ಮೇಡಂ
ಅದು 2025ರ ಜನವರಿಯಿಂದ ಜಾರಿಗೆ ಬಂದಿದ್ದು, 30 ಪ್ರಕಾಶಕರ ಸುಮಾರು 13,000 ಜರ್ನಲ್ ಓದೋಕೆ. ಪೇಪರ್ ಓದೋದು ಬೇರೆ, ಸೈಟೇಶನ್ ಡೇಟಾಬೇಸಿನಿಂದ ಲೆಕ್ಕ ತೆಗೆಯೋದು ಬೇರೆ.

ಬೇಲೂರು_ಚೆನ್ನ
ಪ್ರದೇಶದ ಗಡಿ ಯಾರು ಎಳೆದದ್ದು ಅಂತಲೂ ನೋಡಿ. ಸೈಮಾಗೋದಲ್ಲಿ ಎಂಟು ಪ್ರದೇಶ, ಇರಾನ್ ಮಧ್ಯಪ್ರಾಚ್ಯದಲ್ಲಿ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಅದೇ ಇರಾನ್ 'ದಕ್ಷಿಣ ಏಷ್ಯಾ'ದಲ್ಲಿ ಕೂತಿದೆ, ಭಾರತ, ಪಾಕಿಸ್ತಾನದ ಜೊತೆ. ಇರಾನ್ ಪೇಪರ್ ಸಂಖ್ಯೆ ಸಣ್ಣದೇನಲ್ಲ. ಒಂದು ಟೇಬಲ್ ಸೈಮಾಗೋದಿಂದ, ಜನಸಂಖ್ಯೆ ವಿಶ್ವಸಂಸ್ಥೆಯಿಂದ ತಗೊಂಡು ಭಾಗಿಸಿದ್ರೆ ದಕ್ಷಿಣ ಏಷ್ಯಾದ ತಲಾ ಲೆಕ್ಕ ಪೂರ್ತಿ ಹಾಳು. ಹಾಂಕಾಂಗ್, ತೈವಾನ್, ಮಕಾವು ಸೈಮಾಗೋದಲ್ಲಿ ಚೀನಾದಿಂದ ಬೇರೆ ಸಾಲು. ಹಾಂಕಾಂಗ್‌ನವರೂ ಶೆಂಜೆನ್‌ನವರೂ ಸೇರಿ ಬರೆದ ಪೇಪರ್ ಅಲ್ಲಿ ಅಂತರರಾಷ್ಟ್ರೀಯ ಸಹಯೋಗ ಆಗಿಬಿಡುತ್ತೆ.

ಮೂಡಿಗೆರೆ_ಮೆಣಸು
ಕಾಫಿಗೆ ಇನ್ನೂ ದೊಡ್ಡ ತೊಂದರೆ ಮೆಕ್ಸಿಕೋ, ಕೋಸ್ಟರಿಕ, ಗ್ವಾಟೆಮಾಲಾ. 'ಖಂಡ' ಅಂತ ವಿಂಗಡಿಸಿದ್ರೆ ಇವೆಲ್ಲ ಉತ್ತರ ಅಮೆರಿಕಕ್ಕೆ ಹೋಗ್ತವೆ. ಕೋಸ್ಟರಿಕದ ತುರಿಯಾಲ್ಬಾದಲ್ಲಿರೋ ಕಾತಿಯೆ ಕೃಷಿ ಸಂಶೋಧನಾ ಸಂಸ್ಥೆಯ ಕೆಲಸ ಅಮೆರಿಕ, ಕೆನಡಾ ಖಾತೆಗೆ ಬಿದ್ದಂಗಾಗುತ್ತೆ. ಲ್ಯಾಟಿನ್ ಅಮೆರಿಕ ಅಂತಲೇ ದೇಶದ ಪಟ್ಟಿ ಕೈಯಾರೆ ಮಾಡ್ಕೊಳ್ಳಿ.

ಈಗ ಹುಡುಕು ಪದ. ಬರೀ 'ಕಾಫಿ' ಅಂತ ಹಾಕಿದ್ರೆ ಮೂರು ಥರದ ಪೇಪರ್ ನುಗ್ತವೆ. ಒಂದು, ಕಾಫಿ ಕುಡಿಯೋದಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧ ಇದೆಯಾ ಅನ್ನೋ ವೈದ್ಯಕೀಯ ಪೇಪರು. ಇವು ಅಮೆರಿಕ, ಯುರೋಪಿನವು, ಸೈಟೇಶನ್ ವಿಪರೀತ. ಎರಡು, 'ಕಾಫಿ ರಿಂಗ್ ಎಫೆಕ್ಟ್'. ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಂದು ಗೆರೆ ಕಟ್ಟುತ್ತಲ್ಲ, ಅದರ ಭೌತಶಾಸ್ತ್ರ. ಷಿಕಾಗೋ ವಿಶ್ವವಿದ್ಯಾಲಯದ ತಂಡ 1997ರಲ್ಲಿ 'ನೇಚರ್'ನಲ್ಲಿ ಬರೆದಿದ್ದು, ಸಾವಿರಗಟ್ಟಲೆ ಸೈಟೇಶನ್. ಇಂಕ್‌ಜೆಟ್ ಪ್ರಿಂಟಿಂಗ್‌ನವರೆಲ್ಲ ಅದನ್ನೇ ಉಲ್ಲೇಖಿಸೋದು. ಕಾಫಿ ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೂರು, ಕಾಫಿ ಚರಟದಿಂದ ಇಂಗಾಲ ಮಾಡೋ ವಸ್ತುವಿಜ್ಞಾನ.

'ರೋಬಸ್ಟಾ' ಅಂತ ಒಂಟಿಯಾಗಿ ಹಾಕಲೇಬೇಡಿ. ಗ್ರೆವಿಲಿಯಾ ರೋಬಸ್ಟಾ ಅಂದ್ರೆ ನಮ್ಮ ಸಿಲ್ವರ್ ಓಕ್, ಶೋರಿಯಾ ರೋಬಸ್ಟಾ ಅಂದ್ರೆ ಉತ್ತರ ಭಾರತದ ಸಾಲ್ ಮರ. 'ಅರೇಬಿಕಾ' ಒಂಟಿಯಾಗಿ ಹಾಕಿದ್ರೆ ಅಕೇಶಿಯಾ ಅರೇಬಿಕಾ, ಅಂದ್ರೆ ಕರಿಜಾಲಿ ಬರುತ್ತೆ.

ಸರಿ ವಿಧಾನ: ಸಸ್ಯಕುಲದ ಹೆಸರು 'ಕಾಫಿಯಾ' ಶೀರ್ಷಿಕೆ ಅಥವಾ ಸಾರಾಂಶದಲ್ಲಿ ಇರಬೇಕು. ಇಲ್ಲವೇ 'ಕಾಫಿ' ಜೊತೆಗೆ ಎಲೆ ತುಕ್ಕು ರೋಗ, ಕಾಯಿಕೊರಕ, ಬಿಳಿ ಕಾಂಡಕೊರಕ, ನೆರಳು ಮರ, ಕಸಿ, ಜೀನೋಟೈಪ್ ಇಂಥ ಪದಗಳಲ್ಲಿ ಒಂದಾದರೂ ಇಂಗ್ಲಿಷಿನಲ್ಲಿ ಇರಬೇಕು. ರೋಗಾಣು, ಕೀಟದ ವೈಜ್ಞಾನಿಕ ಹೆಸರನ್ನೂ ಸೇರಿಸಿ: ಹೆಮಿಲಿಯಾ ವಾಸ್ಟಾಟ್ರಿಕ್ಸ್, ಹೈಪೊಥೆನೆಮಸ್ ಹ್ಯಾಂಪೈ, ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್. ಸ್ಪ್ಯಾನಿಷ್, ಪೋರ್ಚುಗೀಸಿನ 'ಕಫೇ', 'ಕಫೇತೊ', 'ಕಫೇಯಿರೊ' ಮರೆತರೆ ಕೊಲಂಬಿಯಾ, ಬ್ರೆಜಿಲ್ ಅರ್ಧ ಮಾಯ.

ಕಾಳುಮೆಣಸಿಗೆ 'ಪೈಪರ್ ನೈಗ್ರಮ್' ಅಂತಲೇ ಹಾಕಿ. ಬರೀ 'ಪೆಪ್ಪರ್' ಅಂದ್ರೆ ಮೆಣಸಿನಕಾಯಿ, ದೊಣ್ಣೆಮೆಣಸು ಎಲ್ಲ ಬರುತ್ತೆ. ಅದಕ್ಕಿಂತ ಕೆಟ್ಟದ್ದು 'ಸಾಲ್ಟ್ ಆಂಡ್ ಪೆಪ್ಪರ್ ನಾಯ್ಸ್', ಫೋಟೋದಲ್ಲಿನ ಕಪ್ಪು ಬಿಳಿ ಚುಕ್ಕೆ ತೆಗೆಯೋ ಕಂಪ್ಯೂಟರ್ ಪೇಪರುಗಳು.

ಸಕಲೇಶಪುರ_ಏಲಕ್ಕಿ
ಏಲಕ್ಕಿದೂ ಅದೇ ಗೋಳು. 'ಕಾರ್ಡಮಮ್' ಅಂತ ಒಂದು ಕಾರ್ಬನ್ ಚಕ್ರದ ಮಾದರಿ ಇದೆ, ಉಪಗ್ರಹ ಡೇಟಾ ಬಳಸಿ ಭೂಮಿಯ ಇಂಗಾಲದ ಲೆಕ್ಕ ಹಾಕೋದು. ಅಮೆರಿಕ, ಬ್ರಿಟನ್‌ನವರ ಕೆಲಸ. ತೆಗೆಯದೇ ಇದ್ರೆ ಏಲಕ್ಕಿ ಸಂಶೋಧನೆಯಲ್ಲಿ ಕ್ಯಾಲಿಫೋರ್ನಿಯಾ ಮುಂಚೂಣಿ ಅಂತ ಬರುತ್ತೆ 😀 'ಎಲೆಟೇರಿಯಾ' ಹಾಕಿ.

ಕಡೂರು_ಕೊಬ್ಬರಿ
ಸಿಲ್ವರ್ ಓಕ್ ಮಾತು ಬಂತು ಅಂತ ಕೇಳ್ತಿದೀನಿ, ಈ ವರ್ಷ ಮರಕ್ಕೆ ರೇಟ್ ಹೆಂಗಿದೆ ಸಕಲೇಶಪುರದ ಕಡೆ?

ಸಕಲೇಶಪುರ_ಏಲಕ್ಕಿ
ಕೊಬ್ಬರಿ ಅಣ್ಣ, ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ. ಇಲ್ಲಿ ನಿರ್ವಾಹಕರು ಕೋಲು ಹಿಡಿದಿದಾರೆ.

ಬಾಬಾಬುಡನ್_ಗಿರಿ
ಹುಡುಕು ಪದ ಸರಿ ಮಾಡಿದ್ರೂ ಒಂದು ಉಳಿಯುತ್ತೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿ ಹುಟ್ಟಿದ ಎಸ್.795 ತಳಿ 1940ರ ದಶಕದಲ್ಲಿ ತೋಟಕ್ಕೆ ಬಂತು, ಇವತ್ತಿಗೂ ಚಿಕ್ಕಮಗಳೂರಿನ ಅರೇಬಿಕಾ ತೋಟಗಳಲ್ಲಿದೆ, ಇಂಡೊನೇಷ್ಯಾದಲ್ಲೂ ಬೆಳೀತಾರೆ. ಆ ಕೆಲಸ ಎಲ್ಲಿ ದಾಖಲಾಗಿದೆ? ವಾರ್ಷಿಕ ವರದಿ, ಬುಲೆಟಿನ್, ಸಮ್ಮೇಳನದ ನಡಾವಳಿಯಲ್ಲಿ. ಅವು ಯಾವ ಇಂಡೆಕ್ಸಲ್ಲೂ ಸರಿಯಾಗಿ ಸಿಗಲ್ಲ. ಅದೇ ಕಾಫಿ ಜೀನೋಮ್ ಪೇಪರ್ 2014ರಲ್ಲಿ 'ಸೈನ್ಸ್'ನಲ್ಲಿ ಬಂತು, ಸೈಟೇಶನ್ ಸುರಿಮಳೆ. ಪರಿಣಾಮ ಯಾವುದರದ್ದು ಜಾಸ್ತಿ ಅಂತ ಬೆಳೆಗಾರರನ್ನ ಕೇಳಿ ನೋಡಿ.

ಅರಸೀಕೆರೆ_ಜಂಕ್ಷನ್
ಆಗಲೇ ಸಂಖ್ಯೆಯನ್ನ ಹೊಗಳ್ತಿದ್ರಿ, ಈಗ ಸಂಖ್ಯೆನೇ ಬೇಡ ಅಂತೀರಿ 🙂 ಸೈಟೇಶನ್ ಅಳೆಯೋದು ಬೇರೆ ಸಂಶೋಧಕರು ಎಷ್ಟು ಬಳಸಿದ್ರು ಅನ್ನೋದನ್ನ. ತೋಟದಲ್ಲಿ ಎಷ್ಟು ಎಕರೆ ಅನ್ನೋದು ಇನ್ನೊಂದು ಅಳತೆ. ಎರಡನೇದನ್ನ ಬೇರೆ ಸಾಲಲ್ಲಿ ಕೊಡಿ, ಮೊದಲನೇದರೊಳಗೆ ತುರುಕಬೇಡಿ.

ಬಾಬಾಬುಡನ್_ಗಿರಿ
ಬೇಡ ಅನ್ನಲಿಲ್ಲ. ಕಾಲಂ ತಲೆಮೇಲೆ 'ಪರಿಣಾಮ' ಅಂತ ಬರೀಬೇಡಿ, 'ಸೈಟೇಶನ್' ಅಂತ ಬರೀರಿ ಅಂದೆ.

ಕೋಡ್_ಕಣಿವೆ
+1

ಲೈಬ್ರರಿ_ಮೇಡಂ
ವಿಷಯವಾರು ಸರಿದೂಗಿಸೋದರ ಬಗ್ಗೆ ಬಾಬಾಬುಡನ್‌ನವರು ಆಗಲೇ ಒಂದು ಮಾತು ಹೇಳಿದ್ರು, ಹೇಗೆ ಅಂತ ಹೇಳಲಿಲ್ಲ. ಜೀವರಸಾಯನ ಶಾಸ್ತ್ರದ ಪೇಪರಿನಲ್ಲಿ ಉಲ್ಲೇಖಪಟ್ಟಿ ಉದ್ದ, ಗಣಿತದಲ್ಲಿ ಗಿಡ್ಡ. ಹಾಗಾಗಿ ಬರೀ ಸರಾಸರಿಯಲ್ಲಿ ವೈದ್ಯಕೀಯ ಹೆಚ್ಚಿರೋ ಪ್ರದೇಶ ಮೇಲೆ ಕಾಣುತ್ತೆ, ಎಂಜಿನಿಯರಿಂಗ್, ಗಣಿತ, ಕೃಷಿ ಹೆಚ್ಚಿರೋದು ಕೆಳಗೆ. ಅರೇಬಿಕಾ ರೋಬಸ್ಟಾ ಎರಡನ್ನೂ ಒಂದೇ ಮೂಟೆಗೆ ಸುರಿದು ರುಚಿ ನೋಡಿದ ಹಾಗೆ.

ಪರಿಹಾರ ಎಫ್‌ಡಬ್ಲ್ಯುಸಿಐ. ವಿಷಯವಾರು ಸರಿದೂಗಿಸಿದ ಸೈಟೇಶನ್ ಸೂಚ್ಯಂಕ, ಅಂದ್ರೆ ಒಂದು ಪೇಪರಿಗೆ ಬಂದ ಸೈಟೇಶನ್ನನ್ನ, ಅದೇ ವಿಷಯ, ಅದೇ ವರ್ಷ, ಅದೇ ಬಗೆಯ ಪೇಪರುಗಳ ಜಾಗತಿಕ ಸರಾಸರಿಯಿಂದ ಭಾಗಿಸೋದು. ಜಗತ್ತಿನ ಮಟ್ಟ ಅಂದ್ರೆ 1. ಉದಾಹರಣೆಗೆ, 2019ರ ಒಂದು ಕಾಫಿ ಬೇಸಾಯದ ಪೇಪರಿಗೆ 12 ಸೈಟೇಶನ್, ಆ ವಿಷಯದ ಸರಾಸರಿ 8 ಅಂತಿಟ್ಕೊಂಡ್ರೆ 1.5. ಕಾಫಿ ಮತ್ತು ಹೃದಯದ ಪೇಪರಿಗೆ 20, ಅಲ್ಲಿನ ಸರಾಸರಿ 25 ಆದ್ರೆ 0.8. ಹನ್ನೆರಡು ಇಪ್ಪತ್ತಕ್ಕಿಂತ ದೊಡ್ಡದಾಯ್ತು ನೋಡಿ.

ಪ್ರದೇಶಕ್ಕೆ ಕೂಡಿಸುವಾಗ ಮೊದಲು ಪ್ರತಿ ಪೇಪರಿನ ಅನುಪಾತ ತೆಗೆದು ಆಮೇಲೆ ಸರಾಸರಿ ಮಾಡಿ. ಒಟ್ಟು ಸೈಟೇಶನ್ ಭಾಗಿಸು ಒಟ್ಟು ನಿರೀಕ್ಷೆ ಅಂತ ಮಾಡಿದ್ರೆ ಹೆಚ್ಚು ಸೈಟೇಶನ್ ಬೀಳೋ ವಿಷಯಗಳೇ ಉತ್ತರ ನಿರ್ಧರಿಸ್ತವೆ. ಲೈಡನ್‌ನವರೂ ಹಳೇ ಪದ್ಧತಿ ಬಿಟ್ಟಿದ್ದು ಇದೇ ವಿಷಯಕ್ಕೆ 2010ರಲ್ಲಿ ನಡೆದ ವಾಗ್ವಾದದ ನಂತರವೇ.

ಅರಸೀಕೆರೆ_ಜಂಕ್ಷನ್
ಅದಕ್ಕೂ ಸರಾಸರಿಯ ರೋಗ ಇದೆ ಮೇಡಂ. ಹತ್ತು ಪೇಪರ್: 0, 0, 1, 1, 2, 3, 3, 4, 6, 180. ಸರಾಸರಿ 20, ಮಧ್ಯಾಂಕ 2.5. ಒಂದೇ ಒಂದು ಪೇಪರ್ ಇಡೀ ಪ್ರದೇಶದ ಹಣೆಬರಹ ಬರೀತು. ಅದರ ಬದಲು 'ಮೇಲಿನ ಶೇ. 10ರಲ್ಲಿ ಎಷ್ಟು ಪಾಲು' ಕೊಡಿ: ತನ್ನ ವಿಷಯ, ವರ್ಷದಲ್ಲಿ ಮೇಲಿನ ಶೇ. 10ಕ್ಕೆ ಸೇರಿದ ಪೇಪರುಗಳು ಆ ಪ್ರದೇಶದ ಒಟ್ಟು ಪೇಪರಿನಲ್ಲಿ ಶೇಕಡ ಎಷ್ಟು ಅಂತ. 10 ಬಂದರೆ ಜಾಗತಿಕ ಮಟ್ಟ. 180ರ ಪೇಪರೂ ಇಲ್ಲಿ ಒಂದೇ ಒಂದು.

ಏಲಕ್ಕಿಯಂಥ ಸಣ್ಣ ವಿಷಯಕ್ಕೆ ಅದೂ ಬೇಡ. ಒಂದು ಪ್ರದೇಶದಲ್ಲಿ 50ಕ್ಕಿಂತ ಕಮ್ಮಿ ಪೇಪರ್ ಇದ್ದರೆ ಸಂಖ್ಯೆ ಮಾತ್ರ ಕೊಟ್ಟು ಸುಮ್ಮನಾಗಿ.

ಹಳೇಬೀಡು_ಹಳಬ
ಸ್ವಂತ ಸೈಟೇಶನ್ ಯಾರೂ ಎತ್ತಲಿಲ್ಲ. ಸೈಮಾಗೋದಲ್ಲೇ ಕಾಲಂ ಇದೆ, ಚೀನಾದ್ದು ಅರ್ಧಕ್ಕಿಂತ ಜಾಸ್ತಿ. ಅವರವರೇ ಉಲ್ಲೇಖಿಸಿಕೊಂಡು ಬೀಗಿದ್ರೆ ಏನ್ ಬಂತು?

ಕೋಡ್_ಕಣಿವೆ
ಹಳಬರೇ, ಅದು ಲೇಖಕರು ತಮ್ಮನ್ನೇ ಉಲ್ಲೇಖಿಸಿದ್ದಲ್ಲ, ಅದೇ ದೇಶದ ಯಾರಾದರೂ ಉಲ್ಲೇಖಿಸಿದ್ದು. ದೇಶ ದೊಡ್ಡದಾದಷ್ಟು ಅದು ಸಹಜವಾಗಿ ಏರುತ್ತೆ, ಅಮೆರಿಕದ್ದೂ ಕಮ್ಮಿ ಏನಿಲ್ಲ. ಕ್ಯಾಲಿಫೋರ್ನಿಯಾದವರು ಮ್ಯಾಸಚೂಸೆಟ್ಸ್‌ನವರನ್ನ ಉಲ್ಲೇಖಿಸಿದ್ರೆ 'ಸ್ವಂತ', ಬೆಲ್ಜಿಯಂನವರು ಪಕ್ಕದ ಹಾಲೆಂಡಿನವರನ್ನ ಉಲ್ಲೇಖಿಸಿದ್ರೆ 'ವಿದೇಶ'. ಪ್ರದೇಶ ಹೋಲಿಸುವಾಗ ಪಶ್ಚಿಮ ಯುರೋಪಿನ ಒಳಗಿನ ಉಲ್ಲೇಖ ಅಷ್ಟನ್ನೂ ಸ್ವಂತ ಅಂತಲೇ ಹಿಡೀಬೇಕು, ಇಲ್ಲಾಂದ್ರೆ ಯಾರದ್ದನ್ನೂ ಕಳೀಬಾರದು. ಸಹಯೋಗದ ಶೇಕಡಾವಾರಿಗೂ ಇದೇ ಮಾತು.

ನಿಜವಾದ ಮೋಸ ಹಿಡಿಯೋಕೆ ಒಂದು ವರ್ಷದ ಮಟ್ಟ ಸಾಲದು, ಬದಲಾವಣೆ ನೋಡಬೇಕು. ಇಟಲಿಯಲ್ಲಿ 2010ರ ಕಾನೂನಿನ ನಂತರ ಬಡ್ತಿಗೆ ಸೈಟೇಶನ್ ಮಿತಿ ಹಾಕಿದ್ರು, ಆಮೇಲೆ ದೇಶದೊಳಗಿನ ಉಲ್ಲೇಖ ಪಕ್ಕದ ದೇಶಗಳಿಗಿಂತ ಬೇಗ ಏರಿತು. 2019ರಲ್ಲಿ 'ಪ್ಲಾಸ್ ಒನ್'ನಲ್ಲಿ ಅದರ ವಿಶ್ಲೇಷಣೆ ಬಂದಿದೆ.

ಹಳೇಬೀಡು_ಹಳಬ
ಒಪ್ಪಿದೆ. ಮತ್ತೆ ಈ ರದ್ದಾದ ಪೇಪರು? 2023 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ವಾಪಸ್ ತಗೊಂಡ್ರಲ್ಲ, ಅದರಲ್ಲಿ 8,000ಕ್ಕೂ ಮೇಲೆ ಹಿಂದಾವಿ ಅನ್ನೋ ಪ್ರಕಾಶಕರೊಬ್ಬರದ್ದೇ. ಅವೂ ಸಂಖ್ಯೆಯಲ್ಲಿ ಸೇರಿವೆಯಾ?

ಕೋಡ್_ಕಣಿವೆ
ತೆಗೆಯದಿದ್ರೆ ಸೇರಿರ್ತವೆ. ಓಪನ್‌ಅಲೆಕ್ಸಲ್ಲಿ 'ರಿಟ್ರಾಕ್ಟೆಡ್' ಗುರುತು ಇದೆ, ಸೋಸಿ ತೆಗೀಬಹುದು.

ಮೂಡಿಗೆರೆ_ಮೆಣಸು
ವಿಳಾಸದ ಆಟವೂ ಇದೆ. ಬೇರೆ ದೇಶದಲ್ಲಿ ಕೆಲಸ ಮಾಡೋ ಹೆಚ್ಚು ಉಲ್ಲೇಖಿತ ವಿಜ್ಞಾನಿಗಳು ತಮ್ಮ ಮೊದಲ ವಿಳಾಸವಾಗಿ ಸೌದಿ ವಿಶ್ವವಿದ್ಯಾಲಯದ ಹೆಸರು ಕೊಟ್ಟಿದ್ದು 2023ರಲ್ಲಿ ಸ್ಪೇನಿನ ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಮಧ್ಯಪ್ರಾಚ್ಯದ ಸಾಲು ಓದುವಾಗ ನೆನಪಿರಲಿ. ಪಾಲು ಎಣಿಕೆ ಇದನ್ನ ಅರ್ಧ ತಗ್ಗಿಸುತ್ತೆ, ಪೂರ್ತಿ ಅಲ್ಲ.

ಬಾಬಾಬುಡನ್_ಗಿರಿ
ಆಫ್ರಿಕಾದ ಸಾಲಿಗೂ ಒಂದು ಎಚ್ಚರಿಕೆ. ವಿಶ್ವಬ್ಯಾಂಕ್, ಎಲ್ಸೆವಿಯರ್ 2014ರಲ್ಲಿ ಕೊಟ್ಟ ವರದಿಯಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾದ ಪಾಲು 2003ರಲ್ಲಿ ಶೇ. 0.44 ಇದ್ದದ್ದು 2012ಕ್ಕೆ 0.72 ಆಗಿತ್ತು. ಅಲ್ಲಿನ ಪೂರ್ವ, ದಕ್ಷಿಣ ಭಾಗದಲ್ಲಿ ಬಹುಪಾಲು ಪೇಪರ್ ಹೊರದೇಶದವರ ಜೊತೆ ಬರೆದದ್ದು. ಪೂರ್ಣ ಎಣಿಕೆಯಲ್ಲಿ ಸೈಟೇಶನ್ ಸರಾಸರಿ ಚೆನ್ನಾಗಿ ಕಾಣುತ್ತೆ, ಪಾಲು ಎಣಿಕೆಗೆ ಹೋದ ಕೂಡಲೇ ಇಳಿಯುತ್ತೆ.

ಕಡೂರು_ಕೊಬ್ಬರಿ
ತಲಾ ಲೆಕ್ಕ ಹಾಕಿದ್ರೆ ಭಾರತದ ಮರ್ಯಾದೆ ಉಳಿಯುತ್ತಾ ಹೋಗುತ್ತಾ?

ಅರಸೀಕೆರೆ_ಜಂಕ್ಷನ್
ಯಾವ ತಲೆ ಅನ್ನೋದರ ಮೇಲೆ. ಜನಸಂಖ್ಯೆಯಿಂದ ಭಾಗಿಸಿದ್ರೆ ಪಾತಾಳ. ಆದರೆ ನಮ್ಮಲ್ಲಿ ಹತ್ತು ಲಕ್ಷ ಜನಕ್ಕೆ ಸಂಶೋಧಕರು ಇರೋದೇ ಸುಮಾರು 260, ಸಂಶೋಧನೆಗೆ ಖರ್ಚು ಜಿಡಿಪಿಯ ಶೇ. 0.64. ಕೊರಿಯಾ, ಇಸ್ರೇಲ್‌ನಲ್ಲಿ ಖರ್ಚು ಶೇ. 5ರ ಆಸುಪಾಸು ಅಥವಾ ಮೇಲೆ. ಸಂಶೋಧಕರ ತಲೆಗೆ, ಖರ್ಚಿನ ರೂಪಾಯಿಗೆ ಭಾಗಿಸಿದ್ರೆ ಚಿತ್ರ ಬೇರೆನೇ ಆಗುತ್ತೆ.

ಹೇಮಾವತಿ_ದಂಡೆ
ಎಲ್ಲರಿಗೂ ಧನ್ಯವಾದ, ತಲೆ ಗಿರ್ ಅಂತಿದೆ. ಕಾಫಿ ಭಾಗ ಓಪನ್‌ಅಲೆಕ್ಸಲ್ಲಿ ಮಾಡೋಣ ಅಂತಿದೀನಿ. ಯಾರಾದ್ರೂ ಕ್ರಮವಾಗಿ ಹೇಳ್ತೀರಾ?

ಕೋಡ್_ಕಣಿವೆ
ಮೊದಲು ವೆಬ್‌ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ಮೂಡಿಗೆರೆಯವರು ಹೇಳಿದ ಪದಗಳನ್ನ ಶೀರ್ಷಿಕೆ-ಸಾರಾಂಶಕ್ಕೆ ಸೀಮಿತ ಮಾಡಿ ಹಾಕಿ. ಬಗೆ: ಆರ್ಟಿಕಲ್, ರಿವ್ಯೂ ಮಾತ್ರ, ಎರಡನ್ನೂ ಬೇರೆ ಬೇರೆ ಇಳಿಸಿ, ಯಾಕಂದ್ರೆ ರಿವ್ಯೂಗೆ ಸೈಟೇಶನ್ ಯಾವಾಗಲೂ ಜಾಸ್ತಿ. ವರ್ಷ 2013ರಿಂದ 2020. ರದ್ದಾದವು ತೆಗೆದುಹಾಕಿ.

ಬಂದ ಪಟ್ಟಿಯನ್ನ ಸೈಟೇಶನ್ ಇಳಿಕೆ ಕ್ರಮದಲ್ಲಿಟ್ಟು ಮೇಲಿನ ನೂರು ಶೀರ್ಷಿಕೆ ಕಣ್ಣಾರೆ ಓದಿ. ಹೃದಯ, ಯಕೃತ್ತು, ಇಂಕ್‌ಜೆಟ್ ಕಂಡ್ರೆ ಪದ ಬಿಗಿ ಮಾಡಿ ಮತ್ತೆ ಹುಡುಕಿ. 'ಕೃಷಿ ಮತ್ತು ಜೀವವಿಜ್ಞಾನ' ಅಂತ ಕ್ಷೇತ್ರದ ಸೋಸಣಿಗೆ ಹಾಕಿದ್ರೆ ಈ ಕೆಲಸ ಬೇಗ ಆಗುತ್ತೆ, ಆದರೆ ಪಲ್ಪಿಂಗ್ ನೀರಿನ ಶುದ್ಧೀಕರಣ, ಬೆಲೆ ಅರ್ಥಶಾಸ್ತ್ರ ಎಲ್ಲ ಅದರ ಜೊತೆಗೇ ಹೋಗ್ತವೆ. ಬೇಕಾ ಬೇಡವಾ ನೀವೇ ತೀರ್ಮಾನಿಸಿ, ತೀರ್ಮಾನವನ್ನ ಟೇಬಲ್ ಅಡಿಯಲ್ಲಿ ಬರೀರಿ.

ತಾಣದಲ್ಲೇ ದೇಶವಾರು ಗುಂಪು ಮಾಡಿದ್ರೆ ಸಿಗೋದು ಪೂರ್ಣ ಎಣಿಕೆ ಮಾತ್ರ. ಪಾಲು ಎಣಿಕೆಗೆ ಪೇಪರುಗಳನ್ನೇ ಇಳಿಸಬೇಕು. ಎಪಿಐ (ಪ್ರೋಗ್ರಾಂ ಬರೆದು ಡೇಟಾ ಕೇಳೋ ದಾರಿ) ಮೂಲಕ ಪುಟ ಸಂಖ್ಯೆ ಕೊಟ್ಟು ಕೇಳಿದ್ರೆ 10,000 ದಾಖಲೆಗೆ ನಿಂತುಹೋಗುತ್ತೆ, ಹಿಂದಿನ ಕಂತು ನಿಂತಲ್ಲಿಂದ ಮುಂದುವರಿಸೋ ಕರ್ಸರ್ ವಿಧಾನ ಬಳಸಿ. ಆಮೇಲೆ ಪ್ರತಿ ಲೇಖಕರಿಗೆ ಒಂದು ಸಾಲು ಬರೋ ಹಾಗೆ ಬಿಡಿಸಿ: ಪೇಪರ್ ಗುರುತು, ಲೇಖಕರು, ದೇಶದ ಎರಡಕ್ಷರದ ಕೋಡ್, ಪಾಲು. ದೇಶದಿಂದ ಪ್ರದೇಶಕ್ಕೆ ನಿಮ್ಮದೇ ಪಟ್ಟಿ ಜೋಡಿಸಿ ಪಿವಟ್ (ಗುಂಪುವಾರು ಮೊತ್ತದ ಟೇಬಲ್) ಹಾಕಿ. ಎಫ್‌ಡಬ್ಲ್ಯುಸಿಐ ಪ್ರತಿ ದಾಖಲೆಯಲ್ಲೇ ಇರುತ್ತೆ, ಪಾಲಿನಿಂದ ಗುಣಿಸಿ, ಪಾಲಿನ ಮೊತ್ತದಿಂದ ಭಾಗಿಸಿ.

ಲೈಬ್ರರಿ_ಮೇಡಂ
ದೇಶ ಖಾಲಿ ಇರೋ ದಾಖಲೆ ಬಹಳ ಬರ್ತವೆ, ಅದನ್ನ ಹೇಳಿಬಿಡಿ. ಸಣ್ಣ ಜರ್ನಲ್ಲು, ಇಂಗ್ಲಿಷೇತರ ಜರ್ನಲ್ಲಿನಲ್ಲಿ ಇದು ಹೆಚ್ಚು. ಅಂದ್ರೆ ಖಾಲಿ ಇರೋದು ಯದ್ವಾತದ್ವಾ ಅಲ್ಲ, ಲ್ಯಾಟಿನ್ ಅಮೆರಿಕ, ಏಷ್ಯಾ, ಆಫ್ರಿಕಾದ ಕಡೆಗೇ ವಾಲಿರುತ್ತೆ.

ಹೇಮಾವತಿ_ದಂಡೆ
ಅವನ್ನ ಕಿತ್ತುಹಾಕಲಾ?

ಲೈಬ್ರರಿ_ಮೇಡಂ
ಬೇಡ. 'ದೇಶ ತಿಳಿದಿಲ್ಲ' ಅಂತ ಒಂಬತ್ತನೇ ಸಾಲು ಮಾಡಿ ಟೇಬಲ್‌ನಲ್ಲೇ ಇಡಿ. ಅದರಿಂದ ಕೈಗೆ ಬಂದಂತೆ ಒಂದಿಷ್ಟು ದಾಖಲೆ ಎತ್ತಿಕೊಂಡು ಪೇಪರ್ ತೆರೆದು ವಿಳಾಸ ನೋಡಿ, ಯಾವ ಕಡೆ ವಾಲಿದೆ ಅಂತ ಅಡಿಟಿಪ್ಪಣಿ ಹಾಕಿ.

ಮೂಡಿಗೆರೆ_ಮೆಣಸು
ಪೋರ್ಚುಗೀಸ್ ಪದ ಹಾಕುವಾಗ 'ಕಫೇ' ಮೇಲಿನ ಗೀಟು ಇರೋದು, ಇಲ್ಲದ್ದು ಎರಡನ್ನೂ ಹಾಕಿ ನೋಡಿ. ಗೀಟಿಲ್ಲದ್ದರಲ್ಲಿ ಹೋಟೆಲ್ ಉದ್ಯಮದ ಪೇಪರು ನುಗ್ಗಿದ್ರೆ 'ಕಫೇಯಿರೊ', 'ಕಫೇತೊ' ಎರಡೇ ಇಟ್ಕೊಳ್ಳಿ.

ಕಡೂರು_ಕೊಬ್ಬರಿ
ಸಂಕಿರಣದಲ್ಲಿ ಊಟ ಇದೆಯಾ?